ಹಳೆ ಪಿಕಪ್ ಕೆಲಸ: ಮಕ್ಕಳ ಕೈಗೆ ಟಾರ್ಚಲ್ಲ, ಸ್ಪ್ಯಾನರ್ ಕೊಡಿ

ಮನೆಯಂಗಳದಲ್ಲಿ ಗಾಡಿ ರಿಪೇರಿ ನಡೆಯುವಾಗ ಮಕ್ಕಳ ಪಾಲಿಗೆ ಬರುವ ಕೆಲಸ ಸಾಮಾನ್ಯವಾಗಿ ಒಂದೇ: ಟಾರ್ಚ್ ಹಿಡಿಯುವುದು. ಅದನ್ನೂ ನೆಟ್ಟಗೆ ಹಿಡಿದಿಲ್ಲವೆಂದು ಬೈಸಿಕೊಳ್ಳುವುದು. ಸ್ವಲ್ಪ ಹೊತ್ತಿಗೆ ಕೈ ಸೋಲುತ್ತದೆ, ಬೆಳಕು ಎಂಜಿನ್ ಬಿಟ್ಟು ಪಕ್ಕದ ಹಲಸಿನ ಮರದ ಮೇಲೆ ಬೀಳುತ್ತದೆ, ಮಗು ಒಳಗೆ ಹೋಗಿ ಮೊಬೈಲ್ ಹಿಡಿಯುತ್ತದೆ. ಆಮೇಲೆ ‘ಈಗಿನ ಮಕ್ಕಳಿಗೆ ಕೈಕೆಲಸದಲ್ಲಿ ಆಸಕ್ತಿಯೇ ಇಲ್ಲ’ ಎಂದು ಗೊಣಗುವವರೂ ನಾವೇ.

ಹಳೆಯ ಪಿಕಪ್ಪನ್ನೋ ಜೀಪನ್ನೋ ಮಗನ ಜೊತೆ, ಮಗಳ ಜೊತೆ ಸೇರಿ ಮತ್ತೆ ಓಡುವಂತೆ ಮಾಡಬೇಕೆಂಬ ಆಸೆ ಬಹಳ ಜನರಿಗಿದೆ. ಮಲೆನಾಡು, ಕೊಡಗಿನ ತೋಟದ ಮನೆಗಳ ಹಿಂದೆ ಟಾರ್ಪಾಲು ಹೊದ್ದು ನಿಂತ ಗಾಡಿಗಳಿಗೂ ಬರವಿಲ್ಲ. ಆ ಆಸೆಯನ್ನು ಹೇಗೆ ಕೆಲಸವಾಗಿ ಮಾಡಬಹುದೆಂಬುದು ಇಲ್ಲಿದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ಕೆಲಸದ ಚೂರು ಕೊಡಬೇಡಿ, ಇಡೀ ಕೆಲಸ ಕೊಡಿ. ಸ್ಟಾರ್ಟರ್ ಮೋಟರು ಮಗಳದ್ದು ಎಂದಮೇಲೆ ಅದನ್ನು ಇಳಿಸುವುದು, ಬಿಚ್ಚುವುದು, ಒರೆಸುವುದು, ಸವೆದ ಬುಷ್ಷನ್ನು ಅಂಗಡಿಯಲ್ಲಿ ಕೇಳಿ ತರುವುದು, ಮತ್ತೆ ಕೂರಿಸುವುದು ಎಲ್ಲವೂ ಅವಳದ್ದೇ. ಯಾವ ಗಾಡಿ ಕೊಳ್ಳಬೇಕು, ಯಾವ ಕೆಲಸ ಮೊದಲು, ಯಾವುದನ್ನು ಹೊರಗೆ ಕೊಡಬೇಕು ಎಂಬ ತೀರ್ಮಾನಗಳನ್ನೂ ಇದರ ಮೇಲೆಯೇ ಮಾಡಿ.

ಗಾಡಿ ಯಾವುದಿರಲಿ?

ನಮ್ಮ ಕಡೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂಥದ್ದು ಮಹೀಂದ್ರ ಜೀಪು, ಇಲ್ಲವೇ ಅದೇ ವಂಶದ, ಹಿಂದೆ ಲೋಡ್ ಬಾಡಿ ಇರುವ ಪಿಕಪ್ಪು. 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲು ಶುರುವಾದ ಈ ಸಂತತಿ, ಎಂಜಿನ್ ಬದಲಾದರೂ ಗೇರ್‌ಬಾಕ್ಸ್ ಬದಲಾದರೂ, ಮೂಲ ರಚನೆಯನ್ನು ದಶಕಗಟ್ಟಲೆ ಬಿಟ್ಟುಕೊಡಲಿಲ್ಲ. ಏಣಿಯಂಥ ಚಾಸಿ, ನಾಲ್ಕೂ ಕಡೆ ಪ್ಲೇಟ್ ಸ್ಪ್ರಿಂಗು, ಡ್ರಮ್ ಬ್ರೇಕು. ಕಂಪ್ಯೂಟರ್ ಎಂಬುದು ಎಲ್ಲೂ ಇಲ್ಲ. ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಪಕ್ಕ ಕೈ ಆಡಿಸುವಷ್ಟು ಜಾಗವಿದೆ. ಮಕ್ಕಳ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕಣ್ಣಿನಲ್ಲೇ ಹಿಂಬಾಲಿಸಬಹುದು.

ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿ ಹತ್ತುವ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕುಲುಕಿಸುತ್ತ ಒಯ್ಯುವ ಜೀಪುಗಳಲ್ಲಿ ಈ ವಂಶದವು ಬೇಕಾದಷ್ಟಿವೆ. ಅಂದರೆ ಇವುಗಳ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಆ ಊರುಗಳಲ್ಲಿ ಇನ್ನೂ ಇದ್ದಾರೆ, ಬಿಡಿಭಾಗವೂ ಸಿಗುತ್ತದೆ. ಗಾಡಿಯ ಅಂದಚಂದಕ್ಕಿಂತ ಇದು ಮುಖ್ಯ. 1988ರಲ್ಲಿ ಬಂದ ಟಾಟಾಮೊಬೈಲ್ ಪಿಕಪ್ಪನ್ನೂ ಕೆಲವರು ಪ್ರೀತಿಯಿಂದ ಎತ್ತಿಕೊಳ್ಳುತ್ತಾರೆ. ಒಳ್ಳೆಯ ಗಾಡಿಯೇ. ಆದರೆ ಅದರ ಬಾಗಿಲಿನ ರಬ್ಬರು, ಡ್ಯಾಶ್‌ಬೋರ್ಡು, ಲೈಟಿನ ಗಾಜು ಹುಡುಕುತ್ತ ಮಕ್ಕಳ ಬೇಸಿಗೆ ರಜೆ ಮುಗಿದುಹೋದೀತು. ಮೊದಲ ಗಾಡಿಗೆ ಅಪರೂಪದ್ದು ಬೇಡವೆಂಬುದು ನನ್ನ ಅಭಿಪ್ರಾಯ.

1980ರ ದಶಕದ ಎಂಎಂ 540 ಜೀಪನ್ನೇ ತೆಗೆದುಕೊಳ್ಳಿ. ಅದರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯ ವಿನ್ಯಾಸದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ ಇದೆ. ಆ ಹೆಸರಿನಲ್ಲೇ ಲೆಕ್ಕ ಅಡಗಿದೆ: 4 ಸಿಲಿಂಡರು, ಒಂದೊಂದರ ಅಡ್ಡಳತೆ 90 ಮಿಲಿಮೀಟರು. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 83 ಮಿಲಿಮೀಟರು. ಸಿಲಿಂಡರಿನ ಘನಫಲ ಕಲಿತ ಮಗುವಿಗೆ ಪೆನ್ಸಿಲ್ ಕೊಟ್ಟು ಕೂರಿಸಿ. ಉತ್ತರ 2112 ಘನ ಸೆಂಟಿಮೀಟರ್ ಬರುತ್ತದೆ, ಆರ್‌ಸಿ ಪುಸ್ತಕ ತೆರೆದರೆ ಅದೇ ಅಂಕಿ ಅಲ್ಲಿರುತ್ತದೆ. ಪಠ್ಯಪುಸ್ತಕದ ಸೂತ್ರ ಸರ್ಕಾರಿ ದಾಖಲೆಯಲ್ಲಿ ಸಿಕ್ಕಾಗ ಹುಡುಗರ ಮುಖ ನೋಡಬೇಕು.

ಈ ಜೀಪಿನಲ್ಲಿ ಇನ್ನೊಂದು ಪಾಠವೂ ಇದೆ. ಚಾಸಿ, ಆಕ್ಸಲ್, ಸ್ಪ್ರಿಂಗಿನ ಕಡೆ ಅಮೆರಿಕದ ಮೂಲದ ಇಂಚಿನ ಬೋಲ್ಟುಗಳು. ಎಂಜಿನ್ನಿಗೆ ಫ್ರಾನ್ಸಿನ ಮಿಲಿಮೀಟರ್ ಬೋಲ್ಟುಗಳು. ಅರ್ಧ ಇಂಚೆಂದರೆ 12.7 ಮಿಲಿಮೀಟರು. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಕೂತಂತೆಯೇ ಕಾಣುತ್ತದೆ, ಜೋರಾಗಿ ಎಳೆದರೆ ಜಾರಿ ಮೂಲೆ ಸವೆಸುತ್ತದೆ. ಮುಕ್ಕಾಲು ಇಂಚು ಮಾತ್ರ 19.05 ಮಿಲಿಮೀಟರು, ಅಲ್ಲಿ 19ರ ಸ್ಪ್ಯಾನರ್ ನಡೆಯುತ್ತದೆ. ಯಾವುದು ಯಾವುದಕ್ಕೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬ ಪಟ್ಟಿಯನ್ನು ಮಕ್ಕಳೇ ಬರೆದು ಗೋಡೆಗೆ ಅಂಟಿಸಲಿ. ‘ಅಪ್ಪ, ಅದು ಹದಿಮೂರಲ್ಲ, ಅರ್ಧ ಇಂಚು’ ಎಂದು ನಿಮ್ಮನ್ನೇ ತಿದ್ದಿದ ದಿನ ಬಾಯಿಮುಚ್ಚಿಕೊಂಡು ಸ್ಪ್ಯಾನರ್ ಬದಲಿಸಿ.

ಕೊಳ್ಳುವ ಮೊದಲು ಒಂದು ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ ಹಿಡಿದು ಗಾಡಿಯ ಕೆಳಗೆ ನೋಡಿ. ಚಾಸಿಯನ್ನು ತಟ್ಟುತ್ತ ಹೋದರೆ ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ರಸಗೊಬ್ಬರ ಹೊತ್ತ ಪಿಕಪ್ಪುಗಳ ಲೋಡ್ ಬಾಡಿಯ ಕೆಳಭಾಗ, ಕರಾವಳಿಯ ಗಾಡಿಗಳ ಹಿಂದಿನ ಅಡ್ಡಪಟ್ಟಿ, ಸ್ಪ್ರಿಂಗಿನ ಬ್ರಾಕೆಟ್ ಸೇರುವ ಜಾಗಗಳನ್ನು ಬಿಡದೆ ನೋಡಿ. ಎಂಜಿನ್ ಕೆಟ್ಟಿದ್ದರೆ ಚಿಂತೆಯಿಲ್ಲ, ಕೆಟ್ಟ ಎಂಜಿನ್ನಿಗೆ ಮದ್ದಿದೆ. ಚಾಸಿ ಕೊಳೆತಿದ್ದರೆ ಗಾಡಿ ಎಷ್ಟೇ ಅಗ್ಗವಾದರೂ ಕೈಮುಗಿದು ಬನ್ನಿ.

ಕಾಗದ ನೋಡದೆ ಮುಂಗಡ ಕೊಡಬೇಡಿ

ಹಳೆ ಗಾಡಿಯ ಆಸೆಗೆ ಬಿದ್ದವರು ಎಡವುವುದು ಗ್ಯಾರೇಜಿನಲ್ಲಿ ಅಲ್ಲ, ಆರ್‌ಟಿಒ ಕಚೇರಿಯಲ್ಲಿ. ಚಾಸಿಯ ಮೇಲೆ ಕೆತ್ತಿದ ನಂಬರನ್ನು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ (ಇದನ್ನೂ ಮಕ್ಕಳಿಗೆ ಬಿಡಿ, ಚೆನ್ನಾಗಿ ತೆಗೆಯುತ್ತಾರೆ), ಆರ್‌ಸಿಯಲ್ಲಿರುವುದರ ಜೊತೆ ಒಂದೊಂದು ಅಕ್ಷರವನ್ನೂ ಹೋಲಿಸಿ. ಎಂಜಿನ್ ನಂಬರಿಗೂ ಅದೇ. ನಮ್ಮ ಹಳೆ ಜೀಪುಗಳಲ್ಲಿ ಎಷ್ಟೋ ಪೆಟ್ರೋಲ್ ಎಂಜಿನ್ನಿನೊಂದಿಗೆ ಹುಟ್ಟಿ ಆಮೇಲೆ ಡೀಸೆಲ್ಲಿಗೆ ಬದಲಾದವು. ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿಲ್ಲದಿದ್ದರೆ ಮುಂದೆ ತಲೆನೋವು ನಿಮ್ಮದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡುಗಳಿಗೆ ಕಡಿವಾಣ ಹಾಕಿದೆ.

ಪಿಕಪ್ ಆದರೆ ಇನ್ನೊಂದು ತೊಡಕಿದೆ. ಬಹುತೇಕ ಪಿಕಪ್ಪುಗಳು ಸರಕು ಸಾಗಣೆಯ ಹಳದಿ ಬೋರ್ಡಿನವು. ಅವಕ್ಕೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಬಿಳಿ ಬೋರ್ಡಿನ ಖಾಸಗಿ ಗಾಡಿಗಾದರೆ ನೋಂದಣಿ 15 ವರ್ಷ ಇರುತ್ತದೆ, ಆಮೇಲೆ 25ನೇ ನಮೂನೆಯ ಅರ್ಜಿ ಹಾಕಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಈ ನವೀಕರಣದ ಶುಲ್ಕ ಕಾರು, ಜೀಪಿನಂಥ ಗಾಡಿಗಳಿಗೆ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು, 2025ರಲ್ಲಿ 20 ವರ್ಷ ಮೀರಿದವುಗಳಿಗೆ 10,000 ಆಯಿತು. ಹಸಿರು ತೆರಿಗೆ ಬೇರೆ. ದೆಹಲಿ ಸುತ್ತಮುತ್ತ ಇರುವ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ನಿರ್ಬಂಧದಂಥದ್ದು ನಮ್ಮಲ್ಲಿಲ್ಲ ಎಂಬುದು ಸಮಾಧಾನ.

ಎಂವೈ, ಸಿಎ ಎಂದು ಶುರುವಾಗುವ ಹಳೆ ನಂಬರಿನ ಗಾಡಿಯಾದರೆ ಅದರ ದಾಖಲೆ ಕಂಪ್ಯೂಟರಿಗೆ ಏರಿದೆಯೇ ಎಂದು ಪರಿವಾಹನ್ ಜಾಲತಾಣದಲ್ಲಿ ಮೊದಲೇ ನೋಡಿ. ಏರಿಲ್ಲದಿದ್ದರೆ ಅದನ್ನು ಏರಿಸಿಕೊಡುವವರೆಗೆ ಪೂರ್ತಿ ಹಣ ಕೊಡಬೇಡಿ. ಆರ್‌ಸಿಯಲ್ಲಿ ಹೆಸರಿರುವವರು ತೀರಿಕೊಂಡಿದ್ದರೆ ವಾರಸುದಾರರು 31ನೇ ನಮೂನೆಯಲ್ಲಿ ತಮ್ಮ ಹೆಸರಿಗೆ ಮಾಡಿಕೊಂಡ ಮೇಲೆಯೇ ನಿಮ್ಮ ಸರದಿ. ಬ್ಯಾಂಕಿನ ಸಾಲದ ನಮೂದು ಹಾಗೇ ಉಳಿದಿದ್ದರೆ ಅದನ್ನೂ ತೆಗೆಸಿಕೊಡಲಿ.

ಮೊದಲು ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ಗಾಡಿಗಳಿಗೆ 2021ರಿಂದ ‘ವಿಂಟೇಜ್’ ನೋಂದಣಿ ಎಂಬ ದಾರಿಯೂ ಇದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, 10 ವರ್ಷದ ಅವಧಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥದ್ದಕ್ಕಷ್ಟೇ ರಸ್ತೆಗೆ ಇಳಿಸಬಹುದು. ಮಗಳನ್ನು ಕೂರಿಸಿಕೊಂಡು ಸಂತೆಗೆ ಹೋಗುವ ಕನಸಿದ್ದರೆ ಇದು ನಿಮಗಲ್ಲ.

ಜೀವಕ್ಕೆ ಕುತ್ತು ತರುವ ಕೆಲವು ಸಂಗತಿಗಳು

ಇಲ್ಲಿ ಮಾತ್ರ ಮಕ್ಕಳ ಮಾತಿಗೆ ಬೆಲೆ ಕೊಡಬೇಡಿ, ನಿಮ್ಮ ಸೋಮಾರಿತನಕ್ಕೂ ಕೊಡಬೇಡಿ. ಜಾಕಿಯ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಯಾರೂ ತಲೆ ಹಾಕಕೂಡದು. ಜಾಕಿ ಎತ್ತುವುದಕ್ಕೆ, ನಿಲ್ಲಿಸುವುದಕ್ಕೆ ಕಬ್ಬಿಣದ ಸ್ಟ್ಯಾಂಡು. ಸಿಮೆಂಟ್ ಬ್ಲಾಕು ಬೇಡವೇ ಬೇಡ. ನೋಡಲು ಗಟ್ಟಿಯಾಗಿರುತ್ತದೆ, ಒಡೆಯುವಾಗ ಸೂಚನೆ ಕೊಡದೆ ಪುಡಿಯಾಗುತ್ತದೆ. ಅಂಗಳ ಮಣ್ಣಿನದಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ, ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ.

ಹಳೆ ಬ್ರೇಕ್ ಲೈನಿಂಗು, ಕ್ಲಚ್ ಪ್ಲೇಟಿನಲ್ಲಿ ಕಲ್ನಾರು ಇರಬಹುದು. ಅದರ ಧೂಳನ್ನು ಬಾಯಿಂದಾಗಲಿ ಏರ್ ಪೈಪಿನಿಂದಾಗಲಿ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ. ಹಳೆ ಪೇಂಟಿನಲ್ಲಿ ಸೀಸ ಇರುವ ಸಂಭವವಿದೆ. ಮಕ್ಕಳ ಮಿದುಳಿಗೆ ಸೀಸ ವಿಷ. ಒಣ ಉಜ್ಜುವಿಕೆ ಬಿಟ್ಟು ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿ, ಮಾಸ್ಕ್ ಹಾಕಿ, ಊಟಕ್ಕೆ ಮೊದಲು ಕೈ ತೊಳೆಯಿರಿ. ಬ್ಯಾಟರಿ ತೆಗೆಯುವಾಗ ನೆಗೆಟಿವ್ ತಂತಿ ಮೊದಲು, ಹಾಕುವಾಗ ಕೊನೆಗೆ. ಡೀಸೆಲ್ ನಾಜಲ್ ಸಿಡಿಸುವ ಎಣ್ಣೆಯ ಎಳೆ ಚರ್ಮವನ್ನು ತೂರಿ ಒಳಗೆ ಹೋಗುವಷ್ಟು ಒತ್ತಡದ್ದು, ಸೋರಿಕೆ ಹುಡುಕಲು ಬೆರಳು ಇಡಬೇಡಿ, ರಟ್ಟು ಹಿಡಿಯಿರಿ. ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವ ಯೋಚನೆಯನ್ನೇ ಬಿಡಿ, ಖಾಲಿ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯಕಾರಿ. ರೇಡಿಯೇಟರಿನಿಂದ ತೆಗೆದ ಹಸಿರು ಕೂಲಂಟನ್ನು ಬೋಗುಣಿಯಲ್ಲಿ ಬಿಡಬೇಡಿ. ಸಿಹಿ ರುಚಿಗೆ ನಾಯಿ ನೆಕ್ಕಿದರೆ ಉಳಿಯುವುದು ಕಷ್ಟ.

ಮಳೆಯ ಲೆಕ್ಕ, ಪರೀಕ್ಷೆಯ ಲೆಕ್ಕ

ಮಲೆನಾಡಿನಲ್ಲಿ ಕೆಲಸದ ಕ್ರಮವನ್ನು ಆಕಾಶವೇ ಹಾಕಿಕೊಡುತ್ತದೆ. ಬೇಸಿಗೆ ರಜೆಯಲ್ಲಿ ಗಾಡಿ ಬಿಚ್ಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗುಲಿಯಲ್ಲಿ ಕೂತು ಮಾಡುವ ಕೆಲಸ: ಸ್ಟಾರ್ಟರು, ಡೈನಮೊ ಅಥವಾ ಆಲ್ಟರ್ನೇಟರು, ವೈಪರ್ ಮೋಟರು, ವೀಲ್ ಸಿಲಿಂಡರು. ಇವೆಲ್ಲ ಒಂದು ಮೇಜಿನ ಮೇಲೆ ಹಿಡಿಯುವಂಥವು, ಶುರು ಮಾಡಿ ಮುಗಿಸಬಹುದಾದಂಥವು. ನಾನು ಹೇಳಿದ ‘ಇಡೀ ಕೆಲಸ’ ಇವೇ. ಪೇಂಟು ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್ ನಂತರ. ತೇವದ ಗಾಳಿಯಲ್ಲಿ ಹೊಡೆದ ಪೇಂಟು ಮಂಕಾಗಿ ಬೆಳ್ಳಗೆ ಮುಖ ಮಾಡುತ್ತದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ವರ್ಷವಾದರೆ ಗಾಡಿ ಟಾರ್ಪಾಲಿನಡಿ ಇರಲಿ.

ಆಯುಧಪೂಜೆಗೆ ಗಾಡಿ ರೆಡಿಯಾಗಲೇಬೇಕು ಎಂದು ಮಾತ್ರ ಪಣ ತೊಡಬೇಡಿ. ಗಡುವು ಹತ್ತಿರ ಬಂದಾಗ ಮೊದಲು ಬದಿಗೆ ಸರಿಯುವುದು ಮಗು. ‘ನೀನು ಬಿಡು, ನಾನು ಬೇಗ ಮಾಡ್ತೀನಿ’ ಎಂಬ ಒಂದು ಮಾತಿಗೆ ಆರು ತಿಂಗಳ ಉತ್ಸಾಹ ಇಳಿದುಹೋಗುತ್ತದೆ. ಎಂಜಿನ್ ಇಲ್ಲದ ಗಾಡಿಗೂ ಕುಂಬಳಕಾಯಿ ಒಡೆಯಬಹುದು, ದೇವರು ಬೇಡ ಎನ್ನುವುದಿಲ್ಲ.

ಬಿಚ್ಚುವ ಮೊದಲು ಫೋಟೊ. ಮೂರು ಕಡೆಯಿಂದ. ಬಿಚ್ಚಿದ ಬೋಲ್ಟುಗಳು ಒಂದೊಂದು ಭಾಗಕ್ಕೆ ಒಂದೊಂದು ಡಬ್ಬಿಯಲ್ಲಿ, ಮೇಲೆ ಚೀಟಿ. ಎಂಟು ಹತ್ತು ವರ್ಷದ ಮಕ್ಕಳಿಗೆ ಇದರ ಉಸ್ತುವಾರಿ ಪೂರ್ತಿ ಬಿಟ್ಟುಕೊಡಿ. ಡಬ್ಬಿಯಿಂದ ಬೋಲ್ಟು ಬೇಕಾದರೆ ನೀವೂ ಕೇಳಿಯೇ ತೆಗೆದುಕೊಳ್ಳಬೇಕು.

ನಿಂತುಹೋದ ಎಂಜಿನ್ನಿಗೆ ಜೀವ

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬ್ಯಾಟರಿ ಕಟ್ಟಿ ಕೀ ತಿರುಗಿಸುವ ಚಪಲ ಎಲ್ಲರಿಗೂ ಬರುತ್ತದೆ. ತಡೆದುಕೊಳ್ಳಿ. ಪಿಸ್ಟನ್ ರಿಂಗು ಸಿಲಿಂಡರಿಗೆ ತುಕ್ಕಿನಲ್ಲಿ ಅಂಟಿಕೊಂಡಿದ್ದರೆ ಬಲವಂತದಲ್ಲಿ ಮುರಿಯುತ್ತದೆ. ಪ್ಯೂಜೊ ಎಂಜಿನ್ನಿನಂಥ ಡೀಸೆಲ್‌ನಲ್ಲಿ ಒಂದೊಂದು ಸಿಲಿಂಡರಿಗೂ ಹೀಟರ್ ಪ್ಲಗ್ ಇರುತ್ತದೆ. ಮಡಿಕೇರಿ, ಮೂಡಿಗೆರೆಯ ಚಳಿಗಾಲದ ಮುಂಜಾನೆ ಡ್ರೈವರು ಕೀಯನ್ನು ಹಿಡಿದುಕೊಂಡು ಒಂದಿಷ್ಟು ಹೊತ್ತು ಕಾಯುತ್ತಿದ್ದುದು ಇವು ಕಾಯಲೆಂದೇ. ಆ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತಿನಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಒಂದೆರಡು ದಿನ ಹಾಗೇ ಇಡಿ. ಆಮೇಲೆ ಮುಂದಿನ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸಿ. ಗಟ್ಟಿಯಾಗಿ ಕೂತಿದ್ದರೆ ಮತ್ತೆ ಆಯಿಲ್, ಮತ್ತೆ ಕಾಯುವುದು. ತಿರುಗಿತೆಂದರೆ ಅರ್ಧ ಯುದ್ಧ ಗೆದ್ದಿರಿ.

ಹಳೆ ಡೀಸೆಲ್ಲನ್ನು ಪೂರ್ತಿ ಬಸಿದುಬಿಡಿ. ಟ್ಯಾಂಕಿನ ತಳದಲ್ಲಿ ನೀರು, ಕರಿ ಲೋಳೆ ಸೇರಿಕೊಂಡಿರುತ್ತದೆ. ಫಿಲ್ಟರ್, ಎಂಜಿನ್ ಆಯಿಲ್ ಬದಲಿಸಿ. ಆಮೇಲೆ ಪೈಪಿನೊಳಗಿನ ಗಾಳಿ ತೆಗೆಯಬೇಕು. ಡೀಸೆಲ್ ಎಂಜಿನ್ನಿನಲ್ಲಿ ಪೈಪಿಗೆ ಗಾಳಿ ಸೇರಿತೆಂದರೆ ಅದು ಸ್ಟಾರ್ಟ್ ಆಗುವ ಮಾತೇ ಇಲ್ಲ. ಕೈಪಂಪು ಒತ್ತುತ್ತ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ನೊರೆ ಹೋಗಿ ಬರೀ ಎಣ್ಣೆ ಬರುವವರೆಗೆ ಕಾಯುವ ಈ ಕೆಲಸವನ್ನು ಹನ್ನೆರಡರ ಮಗು ಒಂಟಿಯಾಗಿ ಮಾಡಬಲ್ಲದು. ಸ್ಟಾರ್ಟ್ ಮಾಡುವಾಗ ಒಂದು ಅಗಲ ಹಲಗೆ ಕೈಯಲ್ಲಿರಲಿ. ಎಂಜಿನ್ ಹತೋಟಿ ತಪ್ಪಿ ಓಡತೊಡಗಿದರೆ ಗಾಳಿ ಎಳೆಯುವ ಬಾಯಿಗೆ ಅದನ್ನು ಒತ್ತಿಹಿಡಿದು ಆರಿಸಬೇಕು. ಆ ಹೊತ್ತಿಗೆ ಮಕ್ಕಳು ದೂರದಲ್ಲಿರಲಿ.

ಓಡಿದ ಎಂಜಿನ್ನಿನ ಹೊಗೆಯ ಬಣ್ಣ ನೋಡಿ ರೋಗ ಹೇಳುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಕಪ್ಪು ಹೊಗೆಯಾದರೆ ಡೀಸೆಲ್ ಹೆಚ್ಚು ಇಲ್ಲವೇ ಗಾಳಿ ಕಮ್ಮಿ. ಏರ್ ಫಿಲ್ಟರಿನಲ್ಲಿ ಇಲಿ ಗೂಡು ಕಟ್ಟಿದೆಯೇ ಎಂದು ಮೊದಲು ನೋಡಿ. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗು ಅಥವಾ ವಾಲ್ವ್ ಸೀಲಿನ ಕೆಲಸವಿದೆ. ಬಿಳಿ ಹೊಗೆ ಚಳಿಗೆ ಬಂದು ನಿಂತರೆ ಸರಿ. ಬಿಸಿಯಾದ ಮೇಲೂ ಬರುತ್ತಿದ್ದು ರೇಡಿಯೇಟರಿನ ನೀರು ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಿ.

ಹೈಸ್ಕೂಲಿನ ಮಕ್ಕಳಿಗೆ ಟ್ಯಾಪೆಟ್ ಸೆಟ್ಟಿಂಗ್ ಕೊಡಿ. ಫೀಲರ್ ಗೇಜಿನ ತೆಳು ಹಾಳೆಯನ್ನು ಸಂದಿನಲ್ಲಿ ಎಳೆದು ‘ಹಿಡಿತ ಸರಿಯಾಗಿದೆ’ ಎಂದು ಬೆರಳಿಗೆ ಗೊತ್ತಾಗುವುದು ಒಂದೆರಡು ಬಾರಿಗೆ ಬರುವುದಿಲ್ಲ, ಬಂದಮೇಲೆ ಹೋಗುವುದಿಲ್ಲ. ಅಳತೆಯನ್ನು ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿಯೇ ಇಡಿ, ಪಕ್ಕದ ಮನೆಯವರು ಹೇಳಿದ್ದನ್ನಲ್ಲ.

ಡೀಸೆಲ್ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಅದರೊಳಗಿನ ತುಂಡುಗಳು ಒಂದಕ್ಕೊಂದು ಕೂರುವುದು ಮೈಕ್ರಾನ್ ಲೆಕ್ಕದಲ್ಲಿ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ, ಈಗಿನ ಬಾಷ್, ದೇಶದ ಎಷ್ಟೋ ಡೀಸೆಲ್ ಗಾಡಿಗಳಿಗೆ ಪಂಪು ಮಾಡಿಕೊಟ್ಟದ್ದು ಈ ಸೂಕ್ಷ್ಮದ ಮೇಲೆಯೇ. ಪಂಪು, ನಾಜಲ್‌ಗಳನ್ನು ಕ್ಯಾಲಿಬ್ರೇಷನ್ ಮಾಡುವ ಅಂಗಡಿಗೆ ಒಯ್ಯಿರಿ, ಜೊತೆಗೆ ಮಗುವನ್ನೂ ಕರೆದೊಯ್ಯಿರಿ. ನಾಜಲ್ ಪರೀಕ್ಷೆಯಲ್ಲಿ ಡೀಸೆಲ್ ಮಂಜಿನಂತೆ ಸಿಡಿಯುವುದನ್ನು ಒಮ್ಮೆ ನೋಡಿದರೆ ಫಿಲ್ಟರ್ ಯಾಕೆ ಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಲೇತಿನವರ ಕೆಲಸ. ಅಲ್ಲಿಯೂ ಮಾತನಾಡುವುದು ಮಗುವೇ ಆಗಲಿ. ಹದಿಮೂರರ ಹುಡುಗಿ ಬಂದು ‘ಅಣ್ಣ, ಎಷ್ಟು ಓವರ್‌ಸೈಜ್‌ಗೆ ಹೋಗುತ್ತೆ?’ ಎಂದು ಕೇಳಿದರೆ ಲೇತಿನವರು ಮೊದಲು ನಗುತ್ತಾರೆ, ಆಮೇಲೆ ಮೈಕ್ರೋಮೀಟರ್ ತೆಗೆದು ಓದುವುದನ್ನು ತೋರಿಸಿಕೊಡುತ್ತಾರೆ. ನಮ್ಮ ಗ್ಯಾರೇಜುಗಳ ಈ ಔದಾರ್ಯವನ್ನು ನಾವು ಬಳಸಿಕೊಂಡಿದ್ದು ಕಮ್ಮಿ.

ಎಂಜಿನ್ ಒಳಗೇನಿದೆ ಎಂದು ಮೊದಲೇ ನೋಡಬೇಕೆಂದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಎಂಜಿನ್ ವಿಭಾಗಕ್ಕೆ ಹೋಗಿ. ಮುಗಿದ ಗಾಡಿ ಹೇಗಿರಬೇಕೆಂದು ನೋಡಲು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವಿದೆ, ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಇದೆ. ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಸಿಗದಿದ್ದರೆ ಶಿವಾಜಿನಗರದ ಗುಜರಿ. ಹಳೆಯ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಬಾಯಲ್ಲಿ ವರ್ಣಿಸಿ ತಂದದ್ದು ಮನೆಗೆ ಬಂದಮೇಲೆ ಕೂರುವುದಿಲ್ಲ.

ಬ್ರೇಕು: ಇಬ್ಬರೇ ಮಾಡಬೇಕಾದ ಕೆಲಸ

ಪೇಂಟಿಗಿಂತ ಮೊದಲು, ಎಂಜಿನ್ ಓಡಿದ ಕೂಡಲೇ, ಗಾಡಿ ಒಂದು ಅಡಿ ಚಲಿಸುವ ಮುಂಚೆ ಬ್ರೇಕಾಗಬೇಕು. ಡ್ರಮ್ ತೆಗೆದರೆ ಒಳಗೆ ಎರಡು ಶೂ, ಅವನ್ನು ಎಳೆದು ಹಿಡಿದ ಸ್ಪ್ರಿಂಗುಗಳು, ಮೇಲೆ ವೀಲ್ ಸಿಲಿಂಡರು. ಒಂದು ಚಕ್ರವನ್ನು ನೀವು ಬಿಚ್ಚಿ, ಎದುರಿನದನ್ನು ಹಾಗೇ ಬಿಟ್ಟಿರಿ. ಜೋಡಿಸುವಾಗ ಸಂದೇಹ ಬಂದರೆ ನೋಡಿಕೊಳ್ಳಲು ಅದು ಬೇಕು. ಸಿಲಿಂಡರಿನ ಒಳಮೈಯಲ್ಲಿ ಗೀರು ಕಂಡರೆ ರಬ್ಬರ್ ಕಿಟ್ಟಿನಲ್ಲಿ ತೇಪೆ ಹಾಕಬೇಡಿ, ಹೊಸದು ತನ್ನಿ. ಎಂಜಿನ್ ಆಯಿಲ್ ಆಗಲಿ ಗ್ರೀಸ್ ಆಗಲಿ ಈ ರಬ್ಬರಿಗೆ ತಾಗಬಾರದು, ಉಬ್ಬಿ ಹಾಳಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದಕ್ಕೇ ಸೀಲ್ ಒಡೆದು ಬಹುಕಾಲ ಇಟ್ಟ ಡಬ್ಬಿ ಬೇಡ. ಪೇಂಟಿನ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ.

ಆಮೇಲೆ ಗಾಳಿ ತೆಗೆಯುವುದು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ನಿಪ್ಪಲ್ ಸಡಿಲಿಸಿ, ಬುಳುಬುಳು ನಿಂತ ಮೇಲೆ ಬಿಗಿಮಾಡಿ ‘ಬಿಡು’ ಎನ್ನಬೇಕು. ನಿಪ್ಪಲ್ ಬಿಗಿಯಾಗುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಮತ್ತೆ ಒಳಗೆ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ನಮ್ಮ ಬಲಗೈ ಸ್ಟೀರಿಂಗಿನ ಗಾಡಿಯಲ್ಲಿ ಎಡಗಡೆಯ ಹಿಂದಿನ ಚಕ್ರದಿಂದ ಶುರು. ಚಕ್ರದ ಬಳಿ ಕೂತು ಆಜ್ಞೆ ಕೊಡುವ ಜಾಗ ಮಗುವಿನದಾಗಲಿ, ಒತ್ತು ಎಂದಾಗ ಒತ್ತುವುದು ನಿಮ್ಮದು. ಎಲ್ಲ ಮುಗಿದ ಮೇಲೆ, ನಿಮಗೆ ಎಷ್ಟೇ ನಂಬಿಕೆಯಿದ್ದರೂ, ಬ್ರೇಕು ಮತ್ತು ಸ್ಟೀರಿಂಗಿನ ಜಾಯಿಂಟುಗಳನ್ನು ನುರಿತ ಮೆಕ್ಯಾನಿಕ್‌ಗೆ ತೋರಿಸಿ. ಇಲ್ಲಿ ಸ್ವಾಭಿಮಾನ ಬೇಡ.

ವೈರಿಂಗ್ ವಿಷಯ ಬೇಗ ಮುಗಿಸುತ್ತೇನೆ. ಹಳೆ ತಂತಿಗಳ ಮೇಲ್ಹೊದಿಕೆ ಒಣಗಿ ಬಿರಿದಿರುತ್ತದೆ, ಮೇಲಿಂದ ಮೇಲೆ ಟೇಪು ಸುತ್ತಿದ ತೇಪೆಗಳಿರುತ್ತವೆ. ರಿಪೇರಿ ಮಾಡುತ್ತ ಕೂರದೆ ಪೂರ್ತಿ ಹೊಸ ವೈರಿಂಗ್ ಹಾಕಿ. ಜೀಪಿನ ವೈರಿಂಗ್ ಅಷ್ಟು ಸರಳ. ಮಗು ಮೊದಲು ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ನಕ್ಷೆ ಬರೆಯಲಿ, ಒಂದೊಂದು ಲೈನಿಗೂ ಫ್ಯೂಸ್ ಇಡಲಿ, ಹೆಡ್‌ಲೈಟಿಗೆ ರಿಲೇ ಹಾಕಲಿ. ಒಂದು ಮಲ್ಟಿಮೀಟರ್ ಕೊಡಿಸಿ. ಲೈಟು ಮಂಕಾಗಿ ಉರಿದರೆ ನೂರಕ್ಕೆ ತೊಂಬತ್ತು ಸಲ ತಪ್ಪು ಬಾಡಿ ಅರ್ತಿನಲ್ಲಿರುತ್ತದೆ, ಪೇಂಟು ಕೆರೆದು ಕಬ್ಬಿಣಕ್ಕೆ ತಾಗಿಸಿ ಬಿಗಿ ಮಾಡಿ.

ತುಕ್ಕು, ಪುಟ್ಟಿ, ಬಣ್ಣ

ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಪೇಂಟು ಹೊಡೆದ ಗಾಡಿ ಒಂದು ಮಳೆಗಾಲ ಚೆನ್ನಾಗಿರುತ್ತದೆ. ಕೊಳೆತ ತಗಡನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸುವುದೇ ದಾರಿ. ಟಿಂಕರಿಂಗ್‌ನವರಿಗೆ ಮೊದಲೇ ಹೇಳಿ: ತೇಪೆ ಹಾಕಿದ್ದನ್ನು ಪುಟ್ಟಿ ಬೀಳುವ ಮೊದಲು ನಾವು ಬಂದು ನೋಡುತ್ತೇವೆ ಎಂದು. ಮಗು ಫೋಟೊ ತೆಗೆಯಲಿ. ನೆಲ, ಬಾಗಿಲಿನ ಕೆಳಭಾಗ, ಹಿಂದಿನ ಚಕ್ರದ ಮೇಲಿನ ಕಮಾನು, ಈ ಜಾಗಗಳಲ್ಲಿ ನೀರು ಹೊರಹೋಗುವ ತೂತುಗಳನ್ನು ಮುಚ್ಚದಂತೆ ನೋಡಿಕೊಳ್ಳಿ. ಉಜ್ಜುವ ಕೆಲಸ ಮನೆಯಲ್ಲೇ ಆಗಲಿ. ಪ್ರೈಮರು ಬ್ರಷ್ಷಿನಲ್ಲಿ ಚಾಸಿಗೆ ಹೊಡೆಯುವುದೂ ಆಗಬಹುದು. ಆದರೆ ಹಾರ್ಡ್‌ನರ್ ಬೆರೆಸುವ ಈಗಿನ ಪಿಯು ಪೇಂಟಿನ ಸ್ಪ್ರೇ ಪೇಂಟರ್ ಬೂತಿನಲ್ಲೇ ಆಗಬೇಕು. ಅದರ ಆವಿಯಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಸಾದಾ ಮಾಸ್ಕ್ ತಡೆಯುವುದಿಲ್ಲ.

ಬಣ್ಣದ ಆಯ್ಕೆ ಮಕ್ಕಳಿಗೆ ಬಿಡಿ, ಎರಡು ಷರತ್ತಿನ ಮೇಲೆ. ಜೀಪೆಂದರೆ ಮಿಲಿಟರಿ ಹಸಿರೇ ಎಂದು ಎಲ್ಲರ ಆಸೆ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆ ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮೀಸಲು, ಬೇರೆಯವರು ಹೊಡೆಸುವಂತಿಲ್ಲ. ಎರಡನೆಯದು, ಹೊಸ ಬಣ್ಣ ಯಾವುದೇ ಆಗಲಿ ಆರ್‌ಸಿಯಲ್ಲಿ ಅದನ್ನು ನಮೂದಿಸಿಕೊಳ್ಳಬೇಕು. ಇವೆರಡರೊಳಗೆ ಅವರು ಕಿತ್ತಳೆ ಹಳದಿ ಎಂದರೆ ಕಿತ್ತಳೆ ಹಳದಿಯೇ. ನಿಮಗೆ ಇಷ್ಟವಿಲ್ಲದ ಬಣ್ಣ ಬಂದರೂ ಸುಮ್ಮನಿರುವುದು ಈ ಇಡೀ ಯೋಜನೆಯಲ್ಲಿ ದೊಡ್ಡವರಿಗಿರುವ ಅತಿ ಕಷ್ಟದ ಕೆಲಸವಿರಬಹುದು.

ರಸ್ತೆಗೆ

ಮೊದಲ ಓಟಕ್ಕೆ ಮುನ್ನ ವಿಮೆ, ಮಾಲಿನ್ಯ ಪ್ರಮಾಣಪತ್ರ, ಹೈ ಸೆಕ್ಯುರಿಟಿ ನಂಬರ್ ಪ್ಲೇಟು ಆಗಿರಲಿ. ಸ್ಟೀರಿಂಗ್ ಹಿಡಿಯುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ, ಇಷ್ಟು ದುಡಿದ ಮೇಲೆ ಅದು ನ್ಯಾಯವೂ ಹೌದು. ಆದರೆ 18 ತುಂಬಿ ಎಲ್‌ಎಲ್‌ಆರ್ ಕೈಗೆ ಬರುವವರೆಗೆ ಅದು ಆಗದು. 2019ರ ತಿದ್ದುಪಡಿಯಿಂದ ಸೇರಿದ 199ಎ ಸೆಕ್ಷನ್ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಇದನ್ನು ಕೆಲಸ ಶುರುವಾಗುವ ದಿನವೇ ಹೇಳಿಬಿಡಿ, ಗಾಡಿ ಹೊಳೆಯುವಾಗ ಹೇಳಿದರೆ ಜಗಳವಾಗುತ್ತದೆ.

ಅಲ್ಲಿಯವರೆಗೆ ಅವರ ಜಾಗ ಪಕ್ಕದ ಸೀಟು, ಕೈಯಲ್ಲೊಂದು ನೋಟ್‌ಬುಕ್ಕು. ಕಿಲೋಮೀಟರ್ ರೀಡಿಂಗು, ತುಂಬಿಸಿದ ಡೀಸೆಲ್ಲು, ಹೊಸ ಸದ್ದು, ನಿಲ್ಲಿಸಿದಾಗ ಕೆಳಗೆ ಬಿದ್ದ ಎಣ್ಣೆಯ ಹನಿ ಎಲ್ಲಿಯದು, ಎಲ್ಲವೂ ಅದರಲ್ಲಿ ಬರಲಿ. ಮೊದಮೊದಲು ಊರ ಸುತ್ತ ನಿಧಾನ ಓಡಿಸಿ, ಘಾಟಿ ಬೇಡ. ನೂರು ಕಿಲೋಮೀಟರ್ ಆಗುವಷ್ಟರಲ್ಲಿ ಚಕ್ರದ ನಟ್ಟು, ಸ್ಪ್ರಿಂಗಿನ ಯು ಬೋಲ್ಟು, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ಹೊಸದಾಗಿ ಕೂತವು ಸ್ವಲ್ಪ ಸಡಿಲಾಗಿಯೇ ಆಗುತ್ತವೆ. ಎಂಜಿನ್ ಬಿಚ್ಚಿ ಕಟ್ಟಿದ್ದರೆ ಮೊದಲ ಆಯಿಲ್ಲನ್ನು ಬೇಗ ಬದಲಿಸಿ. ಹಳೆ ಆಯಿಲ್ಲನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಿ. ಕಪ್ಪಗಿದ್ದರೆ ಚಿಂತೆಯಿಲ್ಲ. ಬಟ್ಟೆಯಲ್ಲಿ ತಾಮ್ರದ ಬಣ್ಣದ ಹೊಳೆಯುವ ಪುಡಿ ಉಳಿದರೆ ಬೇರಿಂಗ್ ಸವೆಯುತ್ತಿದೆ ಎಂದರ್ಥ, ಗಾಡಿ ನಿಲ್ಲಿಸಿ ಲೇತಿನವರಿಗೆ ಫೋನ್ ಮಾಡಿ. ಫೋನ್ ಮಗುವೇ ಮಾಡಲಿ.